ಸುಂಕವ್ವನ ತೊಟ್ಟಿಲು

ಬೆಣಚಿನಹಳ್ಳಿಯಿಂದ ಮೂಡಲಿಗೆ ಎರಡು ಮೈಲಿ ನಡೆದರೆ ಎರಡು ಬೋಳು ಗುಡ್ಡಗಳ ನಡುವೆ ಒಂದು ಕೆರೆ ಸಿಗುತ್ತದೆ. ಅದರ ಏರಿ ಮುನ್ನೂರು ಮಾರು ಉದ್ದ, ಮೇಲೆ ಎತ್ತಿನ ಗಾಡಿ ಓಡಾಡುವಷ್ಟು ಅಗಲ. ನೀರಿನ ಕಡೆಗೆ ಕಲ್ಲು ಕಟ್ಟಿದೆ, ಹೊಲಗಳ ಕಡೆಗೆ ಗರಿಕೆ ಬೆಳೆದಿದೆ. ಏರಿಯ ನಟ್ಟನಡುವೆ, ಹಿಂದೆ ಹಳ್ಳ ಹರಿಯುತ್ತಿದ್ದ ಕಡೆ, ಮಣ್ಣು ಕಲ್ಲಿಗಿಂತ ಗಟ್ಟಿ. ಗುದ್ದಲಿ ಹಾಕಿದರೆ ಗುದ್ದಲಿಯೇ ಹಿಂದಕ್ಕೆ ಚಿಮ್ಮುತ್ತದೆ. ಆ ಜಾಗಕ್ಕೆ ಸುಂಕವ್ವನ ತೊಟ್ಟಿಲು ಎಂದು ಹೆಸರು. ಹೊಸದಾಗಿ ಬಂದವರು ತೊಟ್ಟಿಲು ಎಲ್ಲಿದೆ ಎಂದು ಹುಡುಕುತ್ತಾರೆ. ಅದರ ಮೇಲೇ ನಿಂತಿದ್ದೀರಲ್ಲ ಎಂದು ದನ ಕಾಯುವವರು ನಗುತ್ತಾರೆ. ಸುಂಕವ್ವ ರಾಣಿಯಲ್ಲ, ದೇವತೆಯೂ ಅಲ್ಲ. ಮಣ್ಣು ಹೊತ್ತವಳು. ನಮ್ಮ ನಾಡಿನ ಕೆರೆಗಳಿಗೆ ಕಟ್ಟಿಸಿದವರ ಹೆಸರಿರುತ್ತದೆ, ಕಟ್ಟಿದವರ ಹೆಸರಿರುವುದಿಲ್ಲ. ಇದೊಂದಕ್ಕೆ ಇದೆ. ಆ ಹೆಸರು ಯಾರೂ ದಾನವಾಗಿ ಕೊಟ್ಟದ್ದಲ್ಲ.

ಹಿಂದೆ ಒಮ್ಮೆ, ಸುತ್ತಲ ಹದಿನೆಂಟು ಹಳ್ಳಿಗಳನ್ನು ಸಿರಿಯಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಕಾಲದಲ್ಲಿ, ಇಲ್ಲಿ ಬರಿಯ ಹಳ್ಳವಿತ್ತು ಎನ್ನುತ್ತಾರೆ. ನಾಯಕ ಅದಕ್ಕೆ ಅಡ್ಡ ಏರಿ ಹಾಕಿಸಲು ಹೊರಟ. ಕೆಲಸ ಕಣ್ಣೆದುರೇ ನಡೆಯಬೇಕೆಂದು ಏರಿಯ ಬುಡದಲ್ಲೇ ಬಿಡಾರ ಕಟ್ಟಿಸಿ, ಹೆಂಡತಿ ಲಿಂಗನಾಗತಿಯೊಡನೆ ಬಂದು ನೆಲೆಸಿದ. ಕೆಲಸಕ್ಕೆ ಬಂದವರು ಬೋವಿಗಳು. ಅವರ ನಲವತ್ತು ಗುಡಿಸಲುಗಳ ಹಟ್ಟಿ ಹಳ್ಳದ ಆಚೆ ದಡದಲ್ಲಿ ಎದ್ದಿತು. ಗಂಡಸರು ಅಗೆದರು, ಹೆಂಗಸರು ಹೊತ್ತು ತಂದು ಸುರಿದರು. ಸುರಿದ ಮಣ್ಣನ್ನು ಹಾಗೇ ಬಿಟ್ಟರೆ ಅದು ಏರಿಯಾಗುವುದಿಲ್ಲ, ಕೆಸರಿನ ಗುಡ್ಡೆಯಾಗುತ್ತದೆ. ಅದಕ್ಕೆ ದಮ್ಮಸು ಹೊಡೆಯಬೇಕು. ಎದೆಯೆತ್ತರದ ಜಾಲಿ ಕೊರಡಿಗೆ ನಾಲ್ಕು ಹಿಡಿ ಜಡಿದು, ನಾಲ್ವರು ಹೆಂಗಸರು ಒಟ್ಟಿಗೆ ಎತ್ತಿ ಒಟ್ಟಿಗೆ ಕುಕ್ಕುವ ಕೆಲಸ ಅದು. ಒಬ್ಬಳು ಸೊಲ್ಲು ಹೇಳಿದರೆ ಮೂವರು ಮರುಸೊಲ್ಲು ಕೊಡುತ್ತಿದ್ದರು. ಇಂಥ ಹತ್ತು ಕೊರಡುಗಳು ಬೆಳಗಿನಿಂದ ಬೈಗಿನವರೆಗೆ ಬೀಳುತ್ತಿದ್ದವು. ನೆಲ ಅದುರುತ್ತಿತ್ತು, ಬಿಡಾರದ ಗೋಡೆ ಅದುರುತ್ತಿತ್ತು, ಒಳಗೆ ಮಲಗಿದ ಬಸುರಿ ನಾಗತಿಯ ಮಂಚವೂ ಅದುರುತ್ತಿತ್ತು. ಸುಂಕವ್ವ ಮೊದಲ ಕೊರಡಿನ ಸೊಲ್ಲುಗಾತಿ. ಅವಳ ನಾಲ್ಕು ತಿಂಗಳ ಗಂಡುಕೂಸು ಸಣ್ಣೋಬ ಪಕ್ಕದ ತುಗ್ಗಲಿ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಆ ಗದ್ದಲದ ನಡುವೆ, ಕಣ್ಣು ತೆರೆಯದೆ ನಿದ್ದೆ ಮಾಡುತ್ತಿತ್ತು.

ಏರಿ ಎರಡೂ ಕಡೆಯಿಂದ ಬಂದು ನಡುವಿನ ಕಂಡಿಯೊಂದೇ ಉಳಿದಾಗ ನಾಗತಿಗೆ ಹೆರಿಗೆಯಾಯಿತು. ಹೆಣ್ಣುಕೂಸು. ಪುರುಡು ಕಳೆಯುವ ಹನ್ನೊಂದು ದಿನ ನೆಲ ಕುಟ್ಟಬಾರದು ಎಂದು ನಾಯಕನ ಜೋಯಿಸ ಹೇಳಿದ. ಹತ್ತು ಕೊರಡುಗಳೂ ನೆಲಕ್ಕೊರಗಿದವು. ಅಂದು ಮಧ್ಯಾಹ್ನವೇ ಕೂಸು ಅಳಲು ಹಿಡಿಯಿತು. ಓಮಿನ ನೀರು ಕುಡಿಸಿದರು, ಬಜೆ ತೇಯ್ದು ನಾಲಗೆಗೆ ಸವರಿದರು, ವೀಳ್ಯದೆಲೆಗೆ ಹರಳೆಣ್ಣೆ ಹಚ್ಚಿ ಬಿಸಿಮಾಡಿ ಹೊಟ್ಟೆಯ ಮೇಲಿಟ್ಟರು, ದೃಷ್ಟಿ ತೆಗೆದರು. ಅಳು ನಿಲ್ಲಲಿಲ್ಲ. ಸದ್ದಿಗೆ ಬೆಚ್ಚುತ್ತಿರಬೇಕೆಂದು ಎತ್ತುಗಳ ಕೊರಳ ಗಂಟೆ ಬಿಚ್ಚಿಸಿದರು, ನಾಯಿಗಳನ್ನು ಗುಡ್ಡದಾಚೆ ಅಟ್ಟಿದರು, ಹಟ್ಟಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದೆಂದು ಆಳು ನಿಲ್ಲಿಸಿದರು. ಇಡೀ ಸೀಮೆ ಸತ್ತಂತೆ ಸುಮ್ಮನಾಯಿತು. ಆ ಮೌನದ ನಡುವೆ ಬಿಡಾರದವರಿಗೆ ತಮ್ಮ ಕೂಸಿನ ಅಳುವೊಂದೇ ಕೇಳುತ್ತಿತ್ತು. ಒಳ್ಳೆಯದಕ್ಕೆಂದೇ ಮಾಡಿದ್ದು, ನಿಜ. ಆದರೆ ಕೆಲಸದವರಲ್ಲಿ ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

ಏಳನೆಯ ದಿನ ಜೋಯಿಸ ಹೊಸ ಮಾತು ತೆಗೆದ. ಏರಿ ಜೀವ ಕೇಳುತ್ತಿದೆ, ಕೊಡದ್ದಕ್ಕೆ ನಾಯಕರ ಕೂಸನ್ನು ಕಾಡುತ್ತಿದೆ. ಹಟ್ಟಿಯ ಎಲ್ಲರಿಗಿಂತ ಎಳೆಯ ಕೂಸನ್ನು ನಾಳೆ ಹೊತ್ತು ಹುಟ್ಟುವಾಗ ಆ ಕಂಡಿಗೆ ಒಪ್ಪಿಸಿದರೆ ಎರಡೂ ನೆಟ್ಟಗಾಗುತ್ತವೆ ಎಂದ. ಬಿಡಾರದ ಕೂಸು ಅತ್ತರೆ ಹಟ್ಟಿಯ ಕೂಸು ಸಾಯಬೇಕು, ಇದು ಅವನ ಲೆಕ್ಕಾಚಾರ. ನಾಯಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಾಣಂತಿಗೆ ನೀರೆರೆಯುತ್ತಿದ್ದ ಸೂಲಗಿತ್ತಿ ಕರಿಯವ್ವ ಇದನ್ನು ಕೇಳಿಸಿಕೊಂಡು ಹಿತ್ತಲಿಂದ ಹಟ್ಟಿಗೆ ಓಡಿಬಂದಳು. “ಸುಂಕೀ, ಎಲ್ಲರಿಗಿಂತ ಎಳೇದು ನಿಂದೇ ಕಣೇ. ಬೆಳಗಾಗೋದ್ರೊಳಗೆ ಕೂಸು ಕಟ್ಕೊಂಡು ಎತ್ತಲಾಗಾದ್ರೂ ಹೋಗು” ಎಂದಳು.

ಸುಂಕವ್ವ ಹೋಗಲಿಲ್ಲ. ತಾನು ಹೋದರೆ ಅದರ ಮೇಲಿನ ಎಳೆಯ ಕೂಸಿನ ಪಾಳಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸಣ್ಣೋಬ ಆಗಲೂ ತೊಡೆಯ ಮೇಲೆ ಒದರುತ್ತಿತ್ತು. ಕೆಲಸ ನಿಂತ ದಿನದಿಂದ ಅದಕ್ಕೂ ನೆಟ್ಟಗೆ ನಿದ್ದೆಯಿರಲಿಲ್ಲ. ಅದೊಂದೇ ಅಲ್ಲ, ಹಟ್ಟಿಯ ಐದೂ ಹಸುಗೂಸುಗಳು ಏಳು ದಿನದಿಂದ ರಚ್ಚೆ ಹಿಡಿದಿದ್ದವು. “ನಾಯಕರ ಮಗಳು ಸೊಲ್ಲು ಹೇಳ್ತಾಳೆ, ನಮ್ಮವು ಮರುಸೊಲ್ಲು ಕೊಡ್ತಾವೆ” ಎಂದು ಅವಳ ಅತ್ತೆ ಪೆದ್ದವ್ವ ಆ ಸಂಕಟದಲ್ಲೂ ಅಂದಳು. ಸುಂಕವ್ವ ನಗಲಿಲ್ಲ, ಸೊಲ್ಲು ಎಂಬ ಆ ಮಾತನ್ನೇ ಹಿಡಿದುಕೊಂಡಳು. ಎದ್ದು ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು. ಒನಕೆ ತೆಗೆದು, ಕಾವಲಿನ ಆಳು ಹಲ್ಲು ಕಡಿಯುತ್ತಿದ್ದರೂ ಲಕ್ಷ್ಯ ಮಾಡದೆ, ಖಾಲಿ ಒರಳಿಗೆ ದಮ್ಮಸಿನ ಲಯದಲ್ಲಿ ಹಾಕತೊಡಗಿದಳು. ಸಣ್ಣೋಬನ ಅಳು ತಗ್ಗಿತು, ಬಿಕ್ಕಾಯಿತು, ನಿಂತಿತು. ಒನಕೆ ನಿಲ್ಲಿಸಿದಳು, ಮತ್ತೆ ಅತ್ತಿತು. ಮತ್ತೆ ಕುಟ್ಟಿದಳು, ಮಲಗಿತು. ಹಾಗೇ ಕೂಸನ್ನು ಕಟ್ಟಿಕೊಂಡೇ ಅವಳು ಬಿಡಾರದ ಬಾಗಿಲಿಗೆ ಹೋಗಿ ನಿಂತಳು.

“ಬುದ್ಧಿ, ಕೂಸಿಗೆ ಏನೂ ಆಗಿಲ್ಲ. ಸದ್ದು ನಿಂತೈತೆ, ಅದಕ್ಕೇ ಅಳ್ತೈತೆ” ಎಂದಳು ನಾಯಕನಿಗೆ. “ಒಂಬತ್ತು ತಿಂಗಳು ತಾಯಿ ಹೊಟ್ಟೇಲಿ ನಮ್ಮ ದಮ್ಮಸು ಕೇಳ್ಕೊಂಡು ಬೆಳೆದೈತೆ. ಹುಟ್ಟಿದ ದಿನವೇ ಅದನ್ನ ಕಿತ್ಕೊಂಡ್ರಿ.”

“ಗ್ರಹ ನೋಡೋಕೆ ಇನ್ನು ಮಣ್ಣು ಹೊರೋರೇ ಬರ್ತಾರೆ” ಎಂದು ಜೋಯಿಸ ನಕ್ಕ.

“ಗ್ರಹ ನೀವೇ ಇಟ್ಕೊಳ್ಳಿ ಸ್ವಾಮಿ. ಏಳು ದಿನದಿಂದ ಪಂಚಾಂಗ ನೋಡ್ತಿದೀರಿ, ಕೂಸಿನ ಮುಖ ಒಂದ್ಸಲನಾದ್ರೂ ನೋಡಿದೀರಾ?”

“ಈಗೇನು, ನಾಯಕರ ಕೂಸನ್ನ ನೀನು ಎತ್ತಿ ಆಡಿಸ್ಬೇಕೋ?”

“ನಿಮ್ಮ ಕೂಸು ನಾನು ಮುಟ್ಟೋದಿಲ್ಲ. ನಮ್ಮ ಕೊರಡು ಮುಟ್ಟೋಕೆ ಬಿಡಿ.”

ನಾಯಕ ನಡುವೆ ಬಂದು ಕೇಳಿದ. “ಅದು ಮಲಗದಿದ್ದರೆ?”

“ನನ್ನ ಕೂಸಿನ ಜತೆ ನನ್ನನ್ನೂ ಕಂಡಿಗೆ ಹಾಕಿ ಬುದ್ಧಿ. ಹಾಕೋಕೆ ಹೊರಟೋರು ನೀವೇ ಅಲ್ವಾ?”

ಪುರುಡಿನಲ್ಲಿ ನೆಲ ಕುಟ್ಟಿದರೆ ತಾಯಿಮಗುವಿಗೆ ಕೇಡೆಂದು ಜೋಯಿಸ ಮತ್ತೆ ಶುರುಮಾಡಿದ. ಆಗ ಒಳಗಿನಿಂದ, ಏಳು ದಿನ ಕಣ್ಣು ಮುಚ್ಚದ ಬಾಣಂತಿಯ ದನಿ ಕೇಳಿತು. “ಈಗ ಆಗ್ತಿರೋದು ಕೇಡಲ್ವಾ? ಕುಟ್ಟಲಿ ಬಿಡ್ರಿ. ಆ ಸದ್ದಿಲ್ದೆ ನಂಗೂ ನಿದ್ದೆ ಹತ್ತಿಲ್ಲ.”

ಸುಂಕವ್ವ ತನ್ನ ಕೊರಡಿನ ಮೂವರನ್ನು ಕರೆದುಕೊಂಡು ಕಂಡಿಗೆ ಇಳಿದಳು. ಅವಳ ಬೆನ್ನಲ್ಲಿ ಸಣ್ಣೋಬ, ಕಾಲ ಕೆಳಗೆ ಅದೇ ಸಣ್ಣೋಬನಿಗೆಂದು ಗೊತ್ತುಮಾಡಿದ ನೆಲ. ಸೊಲ್ಲು ಹೇಳಿ ಕೊರಡು ಎತ್ತಿಸಿದಳು. ಮೊದಲ ಪೆಟ್ಟಿಗೆ ಬಿಡಾರದ ಕೂಸು ಇನ್ನೂ ಜೋರಾಗಿ ಕಿರುಚಿತು. ಜೋಯಿಸ ಕೈ ಎತ್ತಿ ನಾಯಕನ ಕಡೆ ನೋಡಿದ. ಸುಂಕವ್ವ ಆ ಕಡೆ ತಿರುಗಲಿಲ್ಲ. ಹತ್ತು ಪೆಟ್ಟು ಬಿತ್ತು, ಇಪ್ಪತ್ತು ಬಿತ್ತು. ಅವಳ ಕೈ ಲಯ ತಪ್ಪಲಿಲ್ಲ. ಐವತ್ತನೆಯ ಪೆಟ್ಟಿನ ಹೊತ್ತಿಗೆ ಬಿಡಾರದಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಕರಿಯವ್ವ ಹೊರಗೆ ಬಂದು, ಅಂಗೈಯನ್ನು ಕೆನ್ನೆಗೆ ಒತ್ತಿ ತಲೆ ವಾಲಿಸಿ, ಮಲಗಿದೆ ಎಂದು ತೋರಿಸಿದಳು. ಸುಂಕವ್ವ ಸುಸ್ತಾಗಿ ಕೊರಡು ಇಳಿಸಿದಳು. ಕೂಸು ಎದ್ದು ಅತ್ತಿತು. ಆಗ ನೋಡಿ, ಹಟ್ಟಿಗೆ ಹಟ್ಟಿಯೇ ಎದ್ದು ಬಂತು. ಯಾರ ಅಪ್ಪಣೆಗೂ ಕಾಯದೆ ಉಳಿದ ಒಂಬತ್ತು ಕೊರಡುಗಳನ್ನು ಎತ್ತಿಕೊಂಡರು. ಎಲ್ಲ ಒಟ್ಟಿಗೆ ಬೀಳತೊಡಗಿದಾಗ ಎರಡೂ ಗುಡ್ಡಗಳು ಮರುಸೊಲ್ಲು ಕೊಟ್ಟವು ಎನ್ನುತ್ತಾರೆ.

ಮರುದಿನ ಲಿಂಗನಾಗತಿ ಪುರುಡು ಕಳೆಯದಿದ್ದರೂ ಹೊಸ್ತಿಲು ದಾಟಿ ಏರಿ ಹತ್ತಿ ಬಂದಳು. ತನ್ನದೊಂದು ಸೀರೆಯಿಂದ ಕೂಸನ್ನು ಸುಂಕವ್ವನ ಬೆನ್ನಿಗೆ ತಾನೇ ಕಟ್ಟಿದಳು. “ನಾನು ಮುಟ್ಟೋದಿಲ್ಲ ಅಂದಿದ್ದೆ ಅವ್ವಾ” ಎಂದಳು ಸುಂಕವ್ವ. “ನೀನೆಲ್ಲಿ ಮುಟ್ಟಿದೆ? ನಾನು ಕಟ್ಟಿದೆ” ಎಂದಳು ನಾಗತಿ. ಕಂಡಿ ಮುಚ್ಚುವ ತನಕ ನಾಯಕನ ಮಗಳು ಮಲಗಿದ್ದು ಅದೇ ಬೆನ್ನಿನ ಮೇಲೆ. ಆ ಮುಂಗಾರಿಗೆ ಕೆರೆ ಕೋಡಿ ಬಿತ್ತು, ಏರಿ ಒಂದು ಹಿಡಿ ಮಣ್ಣನ್ನೂ ಬಿಟ್ಟುಕೊಡಲಿಲ್ಲ. ಅದರ ಅಡಿಯಲ್ಲಿ ಯಾರ ಹೆಣವೂ ಇಲ್ಲ. ಏರಿ ನಿಲ್ಲುವುದು ಬಲಿಯಿಂದಲ್ಲ, ದಮ್ಮಸಿನಿಂದ. ಇದನ್ನು ಕಟ್ಟಿದವರು ಆಗಲೂ ಬಲ್ಲರು, ಈಗಲೂ ಬಲ್ಲರು. ನಾಯಕ ತೂಬಿನ ಕಲ್ಲಿನ ಮೇಲೆ ತನ್ನ ಹೆಸರು ಕೊರೆಸಿದನಂತೆ. ಅದು ಪಾಚಿಯ ಕೆಳಗೆಲ್ಲೋ ಇರಬೇಕು.

ಇಂದು ಅಲ್ಲಿಗೆ ಹೋದವರಿಗೆ ಗುಡಿ ಕಾಣುವುದಿಲ್ಲ, ಹುಂಡಿ ಕಾಣುವುದಿಲ್ಲ, ಮಂತ್ರ ಹೇಳುವವರು ಯಾರೂ ಇಲ್ಲ. ಕಾಣುವುದು ಇಷ್ಟೇ: ಸುತ್ತಲ ಊರುಗಳಿಂದ, ಎಲ್ಲ ಜಾತಿಯ ಮನೆಗಳಿಂದ, ರಚ್ಚೆ ಹಿಡಿದ ಕೂಸನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಪಕ್ಕದ ಬೋವಿ ಹಟ್ಟಿಗೆ ಹೋಗಿ ಒಬ್ಬ ಹೆಣ್ಣುಮಗಳನ್ನು ಕರೆಯುತ್ತಾರೆ. ಕರೆಯುವುದಕ್ಕೂ ಒಂದು ರೀತಿಯಿದೆ. ಹೇಳಿಕಳಿಸುವಂತಿಲ್ಲ, ತಾಯಿಯೇ ಹೋಗಿ ಅವ್ವಾ ಎಂದು ಕರೆಯಬೇಕು, ಬಂದವಳ ಬೆನ್ನಿಗೆ ತಾಯಿಯೇ ತನ್ನ ಕೈಯಿಂದ ಕೂಸನ್ನು ಕಟ್ಟಬೇಕು. ಅವಳು ತೊಟ್ಟಿಲಿನ ಮೇಲೆ ಹಿಮ್ಮಡಿ ಊರಿ ಕುಕ್ಕುತ್ತ, ಸೊಲ್ಲು ಹೇಳುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಾಳೆ. ಹೋದ ಬೇಸಗೆಯಲ್ಲಿ ದೊಡ್ಡ ಅಧಿಕಾರಿಯೊಬ್ಬನ ಹೆಂಡತಿ ಕಾರಿನಲ್ಲಿ ಬಂದಿದ್ದಳು. ಕರೆದಾಗ ಹಟ್ಟಿಯ ಹೆಂಗಸು ಊಟಕ್ಕೆ ಕೂತಿದ್ದಳು. ಆ ತಾಯಿ ಅಳುವ ಕೂಸನ್ನು ಎದೆಗೊತ್ತಿಕೊಂಡು ಬಿಸಿಲಲ್ಲಿ ನಿಂತಳು; ಒಳಗಿನವಳು ಮುದ್ದೆಯ ಕೊನೆಯ ತುತ್ತು ನುಂಗಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಎದ್ದು ಬರುವ ತನಕ ಕಾದಳು.