ಒಂದು ಗೇಣು ಕೆಂಪು ನೂಲು

“ಗುರುಗಳೇ, ಒಳ್ಳೆಯದಕ್ಕೆಂದು ತರಿಸಿಕೊಂಡ ಹೊಸದು, ಬಂದ ದಿನವೇ ನಮ್ಮನ್ನು ಏಕೆ ದಡ್ಡರನ್ನಾಗಿ ಮಾಡುತ್ತದೆ?” ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠದ ಮಾಸಪತ್ರಿಕೆಯನ್ನು ಹನ್ನೆರಡು ವರ್ಷಗಳಿಂದ ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಿದ್ದವನು. ಹಿಂದಿನ ವಾರ ಆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ಹೊಸ ಆವೃತ್ತಿ ಹಾಕಿಸಿದ್ದ. ಹಟ ಹಿಡಿದು ಹಾಕಿಸಿದವನೂ ಅವನೇ, ಹಾಕಿಸಿದ ದಿನ ಪೇಡೆ ಹಂಚಿದವನೂ ಅವನೇ.

“ಏನು ಕಳೆಯಿತು?” ಎಂದರು ಗುರುಗಳು.

“ಏನೂ ಕಳೆದಿಲ್ಲ. ಎಲ್ಲ ಇದೆ. ಇದ್ದ ಜಾಗದಲ್ಲಿ ಒಂದೂ ಇಲ್ಲ. ಎಡಗಡೆ ಇದ್ದದ್ದು ನಡುವೆ ಬಂದು ಕೂತಿದೆ. ಪ್ರಿಂಟರ್ ಪಕ್ಕದಲ್ಲೇ ಇದೆ, ಅದರ ಪರಿಚಯವೇ ಇಲ್ಲ ಅನ್ನುತ್ತದೆ. ನಿಮ್ಮ ಪ್ರವಚನ ತೆರೆದರೆ ಅಕ್ಷರ ಇರಬೇಕಾದಲ್ಲಿ ಖಾಲಿ ಡಬ್ಬಿಗಳ ಸಾಲು.”

“ಕೆಲವರಿಗೆ ಅದು ಮೊದಲೂ ಹಾಗೆಯೇ ಕಾಣುತ್ತಿತ್ತು.”

ಅಡಿವೆಯ್ಯ ನಗಲಿಲ್ಲ. “ನಾಳೆ ರಿಪೇರಿಯವನು ಬರುತ್ತಾನೆ. ಹಳೆಯದನ್ನೇ ಮತ್ತೆ ಹಾಕಿಸಿಬಿಡುತ್ತೇನೆ. ಅಪ್ಪಣೆ ಕೊಡಿ.”

“ಯಾವ ಕೆಲಸಕ್ಕೆ ಎಲ್ಲಿ ಒತ್ತಬೇಕು ಎಂದು ಬರೆದು ನೀನು ಗೋಡೆಗೆ ಅಂಟಿಸಿದ್ದ ಕಾಗದ ಎಲ್ಲಿ?”

“ಹೊಸದು ಬಂತಲ್ಲ ಎಂದು ಕಿತ್ತು ಬುಟ್ಟಿಗೆ ಹಾಕಿದೆ.”

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಇಪ್ಪತ್ತೆರಡು ವರ್ಷ ಕುಣಿಮಗ್ಗದಲ್ಲಿ ನೇಯ್ದಿದ್ದ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅವನ ಸೊಂಟ ಸೋತಿತ್ತು. ನೇಕಾರರ ಸಂಘದವರು ಅವನಿಗೆ ಹೊಸ ಮಗ್ಗ ಕೊಟ್ಟರು. ಅದು ನೆಲದ ಮೇಲೆ ನಿಲ್ಲುವಂಥದ್ದು. ಬೆಂಚಿನ ಮೇಲೆ ಕೂತು ನೇಯಬಹುದಿತ್ತು. ನೇಕಾರ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ. ಓಣಿಯವರನ್ನೆಲ್ಲ ಕರೆದು ತೋರಿಸಿದ.

ಆಗ ಅವನ ಮಗಳಿಗೆ ಚೊಚ್ಚಲ ಬಸಿರು, ಏಳನೆಯ ತಿಂಗಳು. ಕುಬಸದ ದಿನ, ಅಂದರೆ ಸೀಮಂತದ ದಿನ, ಬಸುರಿಗೆ ತವರಿನ ಹಸಿರು ಸೀರೆ ಉಡಿಸಬೇಕು. “ಅಂಗಡಿಯದು ಬೇಡ, ನಾನೇ ನೇಯ್ದು ತರುತ್ತೇನೆ” ಎಂದು ಅವನು ಬೀಗರ ಮನೆಯಲ್ಲಿ ಎಲ್ಲರೆದುರು ಹೇಳಿ ಬಂದಿದ್ದ. ಕುಬಸಕ್ಕೆ ಹದಿನೆಂಟು ದಿನ ಉಳಿದಿತ್ತು.

ಸೀರೆಯ ಉದ್ದಕ್ಕೆ ಓಡುವ ನೂಲಿಗೆ ಹಾಸು ಎನ್ನುತ್ತಾರೆ. ಹಾಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಳೆ. ಒಂದೊಂದು ಎಳೆಯೂ ಹಣಿಗೆ ಎಂಬ ದೊಡ್ಡ ಬಾಚಣಿಗೆಯಲ್ಲಿ ತನ್ನದೇ ಸಂದಿನಲ್ಲಿ ಹಾಯಬೇಕು. ಒಂದು ಸಂದು ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದಕ್ಕೇ ನೇಕಾರರು ಸೀರೆ ಮುಗಿದಾಗ ಹಾಸನ್ನು ಪೂರ್ತಿ ತೆಗೆಯುವುದಿಲ್ಲ. ಮುಂದಿನ ಸೀರೆಯ ಎಳೆಗಳನ್ನು ಅದರ ತುದಿಗೆ ಹೊಸೆದು ಸೇರಿಸಲೆಂದು ಒಂದು ಗೇಣು ನೂಲನ್ನು ಹಣಿಗೆಯಲ್ಲೇ ಬಿಡುತ್ತಾರೆ.

ಈ ನೇಕಾರನ ಹಳೆಯ ಹಣಿಗೆಯಲ್ಲೂ ಹಿಂದಿನ ಸೀರೆಯ ಒಂದು ಗೇಣು ಕೆಂಪು ನೂಲು ಉಳಿದಿತ್ತು. ಹೆಂಡತಿ ಅದನ್ನು ತಂದು ಎದುರಿಗೆ ಹಿಡಿದಳು.

“ಹೊಸ ಮಗ್ಗಕ್ಕೆ ಹೊಸ ಹಣಿಗೆ ಕೊಟ್ಟಿದ್ದಾರೆ. ಹಳೆಯದರ ಎಂಜಲು ಬೇಡ” ಎಂದ ನೇಕಾರ.

ಹೆಂಡತಿ ಹಳೆಯ ಹಣಿಗೆಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿದಳು.

ನೇಕಾರ ಹೊಸ ಹಣಿಗೆಯಲ್ಲಿ ಹಸಿರು ಎಳೆಗಳನ್ನು ಒಂದೊಂದಾಗಿ ಹಾಯಿಸಿದ. ನಾಲ್ಕು ದಿನ ಹಿಡಿಯಿತು. ಐದನೆಯ ದಿನ ನೇಯಲು ಕೂತ. ಲಾಳಿ ಓಡಿಸುವ ಹಗ್ಗ ಹಳೆಯ ಮಗ್ಗದಲ್ಲಿ ಬಲಗಡೆ ಇತ್ತು, ಹೊಸದರಲ್ಲಿ ನೆತ್ತಿಯ ಮೇಲಿತ್ತು. ಅವನ ಕೈ ಬಲಕ್ಕೆ ಹೋಗಿ ಗಾಳಿಯನ್ನು ಎಳೆಯಿತು. ಎಡಗಾಲು ಒತ್ತಬೇಕಾದಲ್ಲಿ ಬಲಗಾಲು ಒತ್ತಿತು. ಎಳೆ ಹರಿಯಿತು. ಕಟ್ಟಿದ. ಮತ್ತೆ ಕೈ ಗಾಳಿಯನ್ನು ಎಳೆಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಯಾರಿಗೆ ಕೈ ಬೀಸುತ್ತಿದ್ದೀರಿ?” ಎಂದಳು.

ಎಂಟನೆಯ ದಿನ ಒಂದು ಮೊಳ ಬಟ್ಟೆಯಾಗಿತ್ತು. ಅದರ ಉದ್ದಕ್ಕೂ ಗೆರೆಯಿತ್ತು. ನೇಕಾರ ಎಳೆ ಎಣಿಸುತ್ತ ಹೋದ. ಮುನ್ನೂರನೆಯ ಎಳೆಯಲ್ಲಿ ಸಂದು ತಪ್ಪಿತ್ತು. ಅಲ್ಲಿಂದ ಮುಂದಿನ ಪ್ರತಿಯೊಂದು ಎಳೆಯೂ ಪಕ್ಕದವನ ಮನೆಯಲ್ಲಿ ಕೂತಿತ್ತು.

ಅವನು ಬಟ್ಟೆಯನ್ನು ಕತ್ತರಿಸಿ ತೆಗೆದ. ಹೊಸ ಹಣಿಗೆಯಿಂದ ಹಸಿರನ್ನೆಲ್ಲ ಎಳೆದು ಹೊರಗೆ ಹಾಕಿದ. “ಈ ಮಗ್ಗ ನನ್ನದಲ್ಲ. ನನ್ನ ಕುಣಿಗೆ ನಾನು ಇಳಿಯುತ್ತೇನೆ” ಎಂದು ಎದ್ದ.

“ಇಳಿಯುವುದೇನೋ ಇಳಿಯಿರಿ” ಎಂದಳು ಹೆಂಡತಿ. “ಅಲ್ಲಿ ಬೆಕ್ಕು ಮರಿ ಹಾಕಿದೆ.”

ನೇಕಾರ ಬಗ್ಗಿ ನೋಡಿದ. ಅವನು ಇಪ್ಪತ್ತೆರಡು ವರ್ಷ ಕಾಲಿಟ್ಟ ಜಾಗದಲ್ಲಿ ನಾಲ್ಕು ಮರಿಗಳು ಹಾಲು ಕುಡಿಯುತ್ತಿದ್ದವು. ತಾಯಿ ಬೆಕ್ಕು ತಲೆಯೆತ್ತಿ, ಏನು ಕೆಲಸ ಎಂಬಂತೆ ಅವನನ್ನು ನೋಡಿತು.

“ಎತ್ತಿ ಬೇರೆ ಕಡೆ ಇಟ್ಟರಾಯಿತು.”

“ಮಗಳು ಬಸುರಿ. ಇಂಥ ಹೊತ್ತಿನಲ್ಲಿ ಮನೆಯ ಬಾಣಂತಿಯನ್ನು ಎಬ್ಬಿಸುತ್ತೀರಾ?”

ನೇಕಾರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕುಣಿಯ ಅಂಚಿನಲ್ಲಿ ಕೂತ. ಇನ್ನು ಹತ್ತು ದಿನವಿತ್ತು. “ಬೀಗರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಮಗಳು ಬಾಗಿಲು ನೋಡುತ್ತಿರುತ್ತಾಳೆ” ಎಂದ.

ಹೆಂಡತಿ ಗೂಟದಿಂದ ಹಳೆಯ ಹಣಿಗೆ ಇಳಿಸಿದಳು. ಗೇಣು ಹಾಕಿ ಅದರ ಅಗಲ ಅಳೆದಳು, ಹೊಸ ಮಗ್ಗದ ಅಗಲ ಅಳೆದಳು. ಎರಡೂ ಒಂದೇ. ಒಲೆಯಿಂದ ಒಂದು ಹಿಡಿ ಬೂದಿ ತಂದು ನಡುವೆ ಇಟ್ಟಳು. ಬೆರಳಿಗೆ ಬೂದಿ ಮುಟ್ಟಿಸಿ, ಒಂದು ಕೆಂಪು ತುದಿ, ಒಂದು ಹಸಿರು ತುದಿ ಹಿಡಿದು ಹೊಸೆದಳು. ಎರಡೂ ಒಂದಾದವು. ಮುಂದಿನ ಕೆಂಪನ್ನು ಹಿಡಿದಳು.

ಸ್ವಲ್ಪ ಹೊತ್ತಿನ ಮೇಲೆ ನೇಕಾರ ಎದ್ದು ಬಂದು ಇನ್ನೊಂದು ತುದಿಯಲ್ಲಿ ಕೂತ. ಅವಳು ಎಡದಿಂದ ಬಂದಳು, ಅವನು ಬಲದಿಂದ ಬಂದ. ಎರಡು ದಿನ ಹೊಸೆದರು. ಅವನ ಗಂಟು ದಪ್ಪವಾದಾಗ ಅವಳು “ಇದೇನು, ಎತ್ತು ಕಟ್ಟುವ ಹಗ್ಗವೇ?” ಎನ್ನುತ್ತಿದ್ದಳು. ನಡುವೆ ಇಬ್ಬರ ಬೆರಳೂ ಒಂದೇ ಎಳೆಯ ಹತ್ತಿರ ಬಂದವು. ಆ ಕೊನೆಯ ಎಳೆಯನ್ನು ಅವಳು ಅವನಿಗೆ ಬಿಟ್ಟಳು.

ಆಮೇಲೆ ಹಳೆಯ ಹಣಿಗೆಯನ್ನು ಹೊಸ ಮಗ್ಗಕ್ಕೆ ಕೂರಿಸಿದರು. ನೇಕಾರ ಕೆಂಪು ನೂಲನ್ನು ಹಿಡಿದು ಮೆಲ್ಲಗೆ ಎಳೆದ. ಕೆಂಪು ಈಚೆಗೆ ಬಂತು. ಅದರ ಬೆನ್ನಿಗೆ ಹಸಿರು ಬಂತು. ಎರಡು ಸಾವಿರ ಎಳೆಗಳು, ಒಂದೂ ಸಂದು ತಪ್ಪದೆ, ಒಂದೇ ಸಲಕ್ಕೆ ಬಂದವು. ನೇಕಾರ ನಕ್ಕ. ಹೊಸ ಮಗ್ಗ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅವನ ಕೈ ಆಮೇಲೂ ಬಲಕ್ಕೆ ಹೋಗಿ ಗಾಳಿಯನ್ನು ಎಳೆಯುತ್ತಿತ್ತು. ಹೆಂಡತಿ ಅಡುಗೆಮನೆಯಿಂದಲೇ “ಯಾರು ಬಂದರು?” ಎಂದು ಕೇಳುವಳು. “ಹಳೆಯ ಸ್ನೇಹಿತ” ಎಂದು ಅವನು ಕೈಯನ್ನು ಮೇಲಕ್ಕೆ ತರುವನು. ದಿನಕ್ಕೆ ಹತ್ತು ಸಲ ಬರುತ್ತಿದ್ದ ಸ್ನೇಹಿತ, ಸೆರಗು ನೇಯುವ ಹೊತ್ತಿಗೆ ಒಂದೆರಡು ಸಲ ಬಂದ. ಸೊಂಟದ ನೋವು ಯಾವಾಗ ಹೋಯಿತೆಂದು ನೇಕಾರನಿಗೆ ಗೊತ್ತಾಗಲೇ ಇಲ್ಲ.

ಕುಬಸದ ಹಿಂದಿನ ಸಂಜೆ ಸೀರೆ ಮುಗಿಯಿತು. ಮರುದಿನ ಮಗಳು ಅದನ್ನು ಉಟ್ಟು ಹೊರಗೆ ಬಂದಳು. ಬೀಗಿತ್ತಿ ಸೆರಗನ್ನು ಬೆಳಕಿಗೆ ಹಿಡಿದು ಗೆರೆ ಹುಡುಕಿದಳು. ಸಿಗಲಿಲ್ಲ. “ಮಗ್ಗ ಯಾವುದು?” ಎಂದು ಕೇಳಿದಳು. “ಹೊಸದು” ಎಂದ ನೇಕಾರ. “ಹಣಿಗೆ ಯಾವುದು ಕೇಳಿ” ಎಂದಳು ಅವನ ಹೆಂಡತಿ. ಸುತ್ತ ಕೂತ ಹೆಂಗಸರೆಲ್ಲ ನಕ್ಕರು.

ಮನೆಯಲ್ಲಿ ಹೊಸ ಮಗ್ಗದ ಮೇಲೆ ಹಣಿಗೆ ಹಾಗೆಯೇ ಇತ್ತು. ಅದರಲ್ಲಿ ನೇಕಾರ ಒಂದು ಗೇಣು ಹಸಿರು ನೂಲನ್ನು ಬಿಟ್ಟು ಬಂದಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ಬೆಕ್ಕನ್ನು ನೆನೆದು ಒಬ್ಬನೇ ನಕ್ಕ. ಆಮೇಲೆ ಅವನಿಗೊಂದು ಸಂಶಯ ಬಂತು.

“ಗುರುಗಳೇ, ಮಗಳು ಉಟ್ಟ ಸೀರೆಯಲ್ಲಿ ಆ ಕೆಂಪು ನೂಲು ಎಷ್ಟು ಉಳಿಯಿತು?”

“ಒಂದು ಎಳೆಯೂ ಉಳಿಯಲಿಲ್ಲ, ಹಸಿರನ್ನು ದಾಟಿಸುವ ತನಕ ಒಂದು ಎಳೆಯೂ ಕೈಬಿಡಲಿಲ್ಲ” ಎಂದರು ಗುರುಗಳು.

ಅಡಿವೆಯ್ಯ ಎದ್ದು ಹೋಗಿ, ಬುಟ್ಟಿಯಲ್ಲಿ ಆ ಕಾಗದವನ್ನು ಹುಡುಕತೊಡಗಿದ.