ಮಣ್ಣಿನಲ್ಲಿ ನೆಟ್ಟ ಉಳಿ

"ಮೇಷ್ಟ್ರೇ, ಹೋದ ಬೀಸು ಮತ್ತೆ ಕೈಗೆ ಬರೋದು ಯಾವಾಗ?"

ತ್ರಿಲೋಚನ ಇದನ್ನು ಕೇಳಲಿಲ್ಲ, ಕಿರುಚಿದ. ಕಿರುಚುವ ಮುಂಚೆ ಕೈಯಲ್ಲಿದ್ದ ಗಾಲ್ಫ್ ಕೋಲನ್ನು ಎತ್ತಿ ಒಗೆದಿದ್ದ. ಅದು ಗಿರ್ರನೆ ತಿರುಗುತ್ತ ಹೋಗಿ ಅವನ ಹೆಂಡತಿ ಸುನಂದಳ ಕಾಲಿನಿಂದ ಗೇಣು ದೂರದಲ್ಲಿ ಬಿತ್ತು. ಅವಳು ಕೈಗೆ ಅಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ಮೈದಾನದ ಅಂಚಿನಲ್ಲಿದ್ದ ಹೊಂಗೆಮರದ ಕೆಳಗೆ ಹೋಗಿ ಕುಳಿತಳು.

ಹಿಂದೆ ಇದೇ ಮೈದಾನದಲ್ಲಿ ತ್ರಿಲೋಚನ ಹೊಡೆದ ಚೆಂಡು ಹೇಳಿದ ಜಾಗಕ್ಕೇ ಹೋಗಿ ಬೀಳುತ್ತಿತ್ತು. ಆಮೇಲೆ ಬೆನ್ನುಮೂಳೆ ಕೈಕೊಟ್ಟಿತು. ಆಪರೇಷನ್ನು, ಹಾಸಿಗೆ, ಸೊಂಟದ ಪಟ್ಟಿ ಅಂತ ಬಹುಕಾಲ ಕೋಲು ಮುಟ್ಟಲಿಲ್ಲ. ಈಗ ಡಾಕ್ಟರು ಆಡು ಎಂದಿದ್ದರು, ಬಗ್ಗಬೇಡ ಎಂದೂ ಹೇಳಿದ್ದರು. ಹಾಗಾಗಿ ಪ್ರತಿ ಸಲ ಸುನಂದಳೇ ಬಗ್ಗಿ, ಪುಟ್ಟ ಮರದ ಮೊಳೆಯನ್ನು ನೆಲಕ್ಕೆ ಚುಚ್ಚಿ, ಅದರ ತಲೆಯ ಮೇಲೆ ಚೆಂಡು ಕೂರಿಸಿ, ಸರಿದು ನಿಲ್ಲುತ್ತಿದ್ದಳು. ಇವನು ಬೀಸುತ್ತಿದ್ದ. ಚೆಂಡು ಒಮ್ಮೆ ಎಡಕ್ಕೆ ಹೋಯಿತು, ಇನ್ನೊಮ್ಮೆ ಬಲಕ್ಕೆ ಹೋಯಿತು. ಮತ್ತೊಮ್ಮೆ ಕೋಲು ಚೆಂಡನ್ನೇ ಬಿಟ್ಟು ಹುಲ್ಲಿನ ಹೆಂಟೆಯನ್ನು ಕಿತ್ತು ಹಾಕಿತು. "ಚೆಂಡು ನೆಟ್ಟಗೆ ಇಡೋಕೂ ಬರಲ್ವೇನೇ ನಿಂಗೆ? ದಂಡಪಿಂಡ!" ಎಂದು ಅವಳ ಮೇಲೆ ಹರಿಹಾಯ್ದ. ಅವಳು ಮತ್ತೆ ಬಗ್ಗಿ ಇನ್ನೊಂದು ಚೆಂಡು ಇಟ್ಟಳು. ಅದೂ ಹಾಳಾಯಿತು. ಆಗಲೇ ಅವನು ಕೋಲು ಒಗೆದದ್ದು.

ಅರಸು ಮೇಷ್ಟ್ರು ಅವನಿಗೆ ಆಟ ಕಲಿಸಿದ ಗುರು. ವಯಸ್ಸಾಗಿತ್ತು, ಸಿಟ್ಟಿಗೆ ಮಾತ್ರ ವಯಸ್ಸಾಗಿರಲಿಲ್ಲ. ಆವತ್ತು ಬೆಳಿಗ್ಗೆ ಅವರು ಹೇಳಿದ್ದು ಇಷ್ಟೇ: "ಚೆಂಡು ಬೇಡ. ಗಿಡ್ಡ ಕೋಲು ತಗೋ. ಸೊಂಟದಿಂದ ಮೇಲಕ್ಕೆ ಎತ್ತಬೇಡ. ಸುಮ್ಮನೆ ಹುಲ್ಲಿನ ತುದಿ ಸವರು." ಅದಕ್ಕೆ ತ್ರಿಲೋಚನ, "ನಾನೇನು ನಿನ್ನೆ ಮೊನ್ನೆ ಸೇರಿದವನಾ ಮೇಷ್ಟ್ರೇ?" ಎಂದು ಚೀಲದಿಂದ ಎಲ್ಲಕ್ಕಿಂತ ಉದ್ದದ ಕೋಲನ್ನೇ ಎಳೆದಿದ್ದ.

ಈಗ ಅವನು ಬಿದ್ದ ಕೋಲಿನ ಕಡೆಗೆ ಹೆಜ್ಜೆ ಹಾಕಿದ. ಮೇಷ್ಟ್ರು ಅವನಿಗಿಂತ ಮೊದಲೇ ಹೋಗಿ ಅದರ ಮೇಲೆ ಕಾಲಿಟ್ಟು ನಿಂತರು.

"ಮುಟ್ಟಿದರೆ ನೋಡು! ಕೂತ್ಕೋ ಅಲ್ಲಿ. ಯಾವಾಗ ಬರುತ್ತೆ ಅಂತ ಕೇಳಿದೆಯಲ್ಲ, ಹೇಳ್ತೀನಿ."

ತ್ರಿಲೋಚನನ ಮೈ ಇನ್ನೂ ಉರಿಯುತ್ತಿತ್ತು. ಆದರೂ ಬೆಂಚಿನ ಮೇಲೆ ಕುಳಿತ. ಮೇಷ್ಟ್ರು ಕೋಲಿನ ಮೇಲಿನ ಕಾಲು ತೆಗೆಯದೆ ಕತೆ ಹೇಳಿದರು.

ಒಂದು ಬಂಡೆಗುಡ್ಡದಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಅವನು ಸಮ್ಮಟಿಗೆ ಬೀಸುವವನು. ಅವನ ತಮ್ಮ ಉಳಿ ಹಿಡಿಯುವವನು. ತಮ್ಮ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಉಳಿ ನಿಲ್ಲಿಸುತ್ತಿದ್ದ. ಅಣ್ಣ ತಲೆಯ ಮೇಲಿಂದ ಸಮ್ಮಟಿಗೆ ಇಳಿಸುತ್ತಿದ್ದ. ಪೆಟ್ಟು ಬಿದ್ದ ಕೂಡಲೇ ತಮ್ಮ ಉಳಿಯನ್ನು ಒಂದಿಷ್ಟು ತಿರುಗಿಸುತ್ತಿದ್ದ, ಅಷ್ಟರಲ್ಲಿ ಮುಂದಿನ ಪೆಟ್ಟು. ಉಳಿಯ ತಲೆ ಎಷ್ಟಗಲ? ಒಂದು ರೂಪಾಯಿ ನಾಣ್ಯದಷ್ಟು. ಅದರ ಕೆಳಗೇ ತಮ್ಮನ ಬೆರಳು. ಆದರೂ ಆ ತಮ್ಮ ಒಂದು ದಿನವೂ ಸಮ್ಮಟಿಗೆಯ ಕಡೆ ಕಣ್ಣೆತ್ತಿ ನೋಡಿದವನಲ್ಲ. ಅಣ್ಣನ ಪೆಟ್ಟು ಎಂದರೆ ಅವನಿಗೆ ಅಷ್ಟು ನಂಬಿಕೆ.

ಅಣ್ಣನಿಗೆ ಕಾಮಾಲೆ ಬಂತು. ಮಳೆಗಾಲವೆಲ್ಲ ಮಲಗಿದ. ಎದ್ದ ದಿನವೇ ದೊಡ್ಡ ಸಮ್ಮಟಿಗೆ ಹೆಗಲಿಗೇರಿಸಿ ಗುಡ್ಡಕ್ಕೆ ಬಂದ.

ಆ ಗುಡ್ಡದಲ್ಲಿ ಒಂದು ಕಟ್ಟಳೆ ಇತ್ತು. ಕೆಲಸ ಬಿಟ್ಟು ಬಹಳ ದಿನದ ಮೇಲೆ ಬಂದವನು ಎಂಥ ಗಟ್ಟಿಗನಾದರೂ ಮೊದಲು ಹಸಿ ಮಣ್ಣಿನಲ್ಲಿ ಉಳಿ ನೆಡಬೇಕು. ಅದನ್ನು ಯಾರೂ ಹಿಡಿಯಬಾರದು. ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಬೇಕು. ಉಳಿ ಅತ್ತಿತ್ತ ವಾಲದೆ ನೇರ ಇಳಿಯುವವರೆಗೆ ಅವನು ಕಲ್ಲಿನ ಕಡೆ ಹೋಗುವಂತಿಲ್ಲ. ಗುಡ್ಡದ ಯಜಮಾನ ಅದನ್ನೇ ಹೇಳಿದ: "ಬಾಪ್ಪಾ, ಮೊದಲು ಮಣ್ಣಿಗೆ ಹೊಡಿ."

ಅಣ್ಣನಿಗೆ ಪಿತ್ತ ನೆತ್ತಿಗೇರಿತು. "ಈ ಗುಡ್ಡದ ಅರ್ಧ ಬಂಡೆ ಒಡೆದವನು ನಾನು. ನನ್ನ ಕೈಲಿ ಮಣ್ಣು ಕುಟ್ಟಿಸ್ತೀಯಾ?" ಎಂದು ಯಜಮಾನನ ಮುಖದ ಮೇಲೇ ಹೇಳಿ, ತಮ್ಮನ ಕಡೆ ತಿರುಗಿದ. "ಏನು ನೋಡ್ತಾ ನಿಂತಿದೀಯ? ಹಿಡಿ!"

"ಅಣ್ಣಾ, ಇವತ್ತೊಂದು ದಿನ ಮಣ್ಣಿಗೆ..."

"ಬಾಯಿ ಮುಚ್ಕೊಂಡು ಹಿಡಿಯೋ!"

ತಮ್ಮ ಕೂತು ಉಳಿ ಹಿಡಿದ.

ಮೊದಲ ಪೆಟ್ಟು ಸರಿಯಾಗಿಯೇ ಬಿತ್ತು. ಅದೇ ಎಡವಟ್ಟಾದದ್ದು ನೋಡು! ಸರಿಯಾಗಿ ಬಿದ್ದದ್ದಕ್ಕೆ ಅವನು ಹಿಗ್ಗಿ ಇನ್ನೂ ಮೇಲಕ್ಕೆ ಎತ್ತಿದ. ಆ ಪೆಟ್ಟು ಉಳಿಯ ಅಂಚಿಗೆ ತಾಗಿ ಜಾರಿತು. ಅವನ ಕೈಯಲ್ಲಿ ಇನ್ನೂ ಕಸುವು ಬಂದಿರಲಿಲ್ಲ, ಕಾಲೂ ನೆಲ ಹಿಡಿದಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು. ಆದರೆ ತನ್ನ ಕೈಯನ್ನು ತಾನು ಬೈದುಕೊಳ್ಳುವುದು ಹೇಗೆ? ಎದುರಿಗೆ ತಮ್ಮ ಕೂತಿದ್ದನಲ್ಲ. "ನೆಟ್ಟಗೆ ಹಿಡಿಯೋ ದರಿದ್ರದವನೇ! ನಿನ್ನ ಕೈ ನಡುಗ್ತಿದೆ, ಅದಕ್ಕೇ ಪೆಟ್ಟು ಜಾರ್ತಿದೆ!" ಎಂದು ಬಾಯಿಗೆ ಬಂದಂತೆ ಬೈದ.

ತಮ್ಮನ ಕೈ ಅಲ್ಲಿಯವರೆಗೆ ನಡುಗಿರಲಿಲ್ಲ. ಆ ಮಾತು ಕೇಳಿದ ಮೇಲೆ ನಡುಗಿತು. ಅವತ್ತು ಮೊದಲ ಬಾರಿಗೆ ಅವನು ಕಣ್ಣೆತ್ತಿ ಸಮ್ಮಟಿಗೆಯನ್ನು ನೋಡಿದ. ಕೈ ಮಾತ್ರ ತೆಗೆಯಲಿಲ್ಲ. ಅಣ್ಣ ಹಲ್ಲು ಕಚ್ಚಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ತೋಳಿಗೆ ತಂದು ಬೀಸಿದ.

ಬೆರಳುಗಳು ಜಜ್ಜಿಹೋದವು.

ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಗಡುಸಾಯಿತು. "ಅಯ್ಯೋ ಪಾಪ ಅನ್ನಬೇಡ. ಯಾರಿಗೆ ಅಂತೀಯ? ಆ ಅಣ್ಣನಿಗಾ? ನನಗೆ ಆ ಮನುಷ್ಯನ ನೆನಪಾದರೆ ಈಗಲೂ ಕಪಾಳಕ್ಕೆ ಬಾರಿಸಬೇಕು ಅನ್ಸುತ್ತೆ." ತ್ರಿಲೋಚನನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಮೇಷ್ಟ್ರು ಮುಂದುವರಿಸಿದರು.

ತಮ್ಮನ ಕೈಗೆ ಬಟ್ಟೆ ಸುತ್ತಿ ಮನೆಗೆ ಒಯ್ದರು. ಕೆಲವು ದಿನ ಕಳೆದ ಮೇಲೆ ಅಣ್ಣ ಗುಡ್ಡಕ್ಕೆ ಬಂದ. ಯಾರೂ ಹೇಳಲಿಲ್ಲ, ತಾನೇ ಹಸಿ ಮಣ್ಣಿನಲ್ಲಿ ಉಳಿ ನೆಟ್ಟ. ಚಿಕ್ಕ ಸುತ್ತಿಗೆ ಹಿಡಿದು ಮೆಲ್ಲಗೆ ಹೊಡೆದ. ಉಳಿ ವಾಲಿತು. ಕಿತ್ತು ಮತ್ತೆ ನೆಟ್ಟ. ದಿನವೂ ಅದೇ ಕೆಲಸ. ಯಾವ ಮಣ್ಣನ್ನು ಕಂಡು ಮೂಗು ಮುರಿದಿದ್ದನೋ ಆ ಮಣ್ಣಿನ ಮುಂದೆಯೇ ನಿಂತ. ಮೊದಲು ಕಾಲು ನೆಲ ಹಿಡಿಯಿತು. ಆಮೇಲೆ ಸೊಂಟ ತಿರುಗಿತು. ತೋಳು ಕಡೆಗೆ ಬಂತು. ಚಿಕ್ಕ ಸುತ್ತಿಗೆ ಹೋಗಿ ದೊಡ್ಡದು ಬಂತು. ಒಂದು ದಿನ ಸಮ್ಮಟಿಗೆ ತಲೆಯ ಮೇಲಿಂದ ಇಳಿದು ಉಳಿಯ ನಟ್ಟನಡುವೆ ಬಿತ್ತು. ಮತ್ತೆ ಎತ್ತಿದ, ಅಲ್ಲೇ ಬಿತ್ತು. ಎಷ್ಟು ಸಲ ಎತ್ತಿದರೂ ಅಲ್ಲೇ ಬಿತ್ತು. ಹಳೆಯ ಬೀಸು ಹಳೆಯದಕ್ಕಿಂತ ಚೆನ್ನಾಗಿ ಬಂದಿತ್ತು. ಗುಡ್ಡದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು.

ಅವನು ಬೆವರು ಒರೆಸಿಕೊಂಡು ಬಂಡೆಯ ಹತ್ತಿರ ಹೋದ. "ಯಾರಾದರೂ ಬಂದು ಉಳಿ ಹಿಡೀರಪ್ಪಾ" ಎಂದ.

ಎಲ್ಲರೂ ತಂತಮ್ಮ ಕೆಲಸಕ್ಕೆ ಬಗ್ಗಿದರು.

ಅಣ್ಣನಿಗೆ ಊಟ ತಂದಿದ್ದ ತಮ್ಮ ಬುತ್ತಿ ಇಟ್ಟು ನೆರಳಿನಲ್ಲಿ ಕೂತಿದ್ದ. ಅಣ್ಣ ಅವನ ಮುಖ ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. "ನಾನೇ ಹಿಡೀತಿದ್ದೆ ಅಣ್ಣಾ. ಬೆರಳಿಲ್ಲವಲ್ಲ" ಎಂದ ತಮ್ಮ.

ಕತೆ ಅಲ್ಲಿಗೆ ನಿಂತಿತು. ತ್ರಿಲೋಚನ, "ಆಮೇಲೆ ಅವನು ಏನು ಮಾಡಿದ ಮೇಷ್ಟ್ರೇ?" ಎಂದ.

ಅರಸು ಮೇಷ್ಟ್ರು ಕೋಲಿನ ಮೇಲಿಂದ ಕಾಲು ತೆಗೆದರು.

"ಅವನ ಚಿಂತೆ ನಿನಗೆ ಬೇಡ, ನಿನಗೆ ಚೆಂಡು ಇಡೋ ಕೈ ಇನ್ನೂ ಆ ಹೊಂಗೆಮರದ ಕೆಳಗೇ ಇದೆ, ಅದು ಎದ್ದು ಹೋಗೋದರೊಳಗೆ ಹೋಗಿ ಮಾತಾಡಿಸು."