ಏರು ಹತ್ತಲು ಕಲಿತ ಸೋಮಿ

ಮಳೆ ಕೈಕೊಟ್ಟು ಹುಲ್ಲೆಲ್ಲ ಕಂದಿಹೋಗಿದ್ದ ಒಂದು ಕಾಡಿನಲ್ಲಿ ಸೋಮಿ ಎಂಬ ಜಿಂಕೆ ತನ್ನ ಅಣ್ಣ ಬೆಳ್ಳನ ಜೊತೆ ಇದ್ದಳು. ಆ ವರ್ಷ ಕಾಡಿಗೆ ಸೀಳುನಾಯಿಗಳ ಹಿಂಡು ಬಂದಿತ್ತು. ಅವುಗಳಿಂದ ತಪ್ಪಿಸಿಕೊಳ್ಳಬೇಕಾದರೆ ಹಳ್ಳ ಹಾರಬೇಕು, ಮುಳ್ಳುಪೊದೆಯಲ್ಲಿ ನುಗ್ಗಬೇಕು, ಕಡಿದಾದ ಏರು ಹತ್ತಿ ಬಂಡೆಯ ನೆತ್ತಿ ಸೇರಬೇಕು. ನಡುವೆ ಎಲ್ಲೂ ನಿಲ್ಲುವ ಹಾಗಿರಲಿಲ್ಲ. ಸೋಮಿಯ ಅಮ್ಮ ಆ ಏರಿನ ನಡುವೆಯೇ ಅವುಗಳ ಬಾಯಿಗೆ ಸಿಕ್ಕಿ ಸತ್ತಿದ್ದಳು.

ಆಗ ಒಂದು ಕತ್ತೆಕಿರುಬ ಜಿಂಕೆಗಳ ಬಳಿ ಬಂದಿತು.

"ನಾನು ಯಾರನ್ನಾದರೂ ಅಟ್ಟಿಸಿಕೊಂಡು ಹೋದದ್ದನ್ನು ಕಂಡಿದ್ದೀರಾ? ಸತ್ತದ್ದನ್ನು ಮಾತ್ರ ತಿನ್ನುವವನು ನಾನು. ನಿಮಗೆ ಕಸರತ್ತು ಕಲಿಸುತ್ತೇನೆ. ಒಂದೇ ತಿಂಗಳು ಸಾಕು, ಗಾಳಿಯ ಹಾಗೆ ಓಡುತ್ತೀರಿ" ಎಂದಿತು.

ಅದು ಬೇಟೆಯಾಡಿದ್ದನ್ನು ಯಾರೂ ಕಂಡಿರಲಿಲ್ಲ. ಭಯದಲ್ಲಿದ್ದ ಜಿಂಕೆಗಳು ಒಪ್ಪಿದವು.

ಸೋಮಿಯ ಮುಂಗಾಲು ಉಳುಕಿತ್ತು. ಮೊದಲ ದಿನವೇ ಅವಳು ಹಿಂದೆ ಬಿದ್ದಳು. "ನಿನ್ನ ಕೈಲಾಗುವುದಿಲ್ಲ, ನಡಿ" ಎಂದು ಕಿರುಬ ಎಲ್ಲರೆದುರು ಅವಳನ್ನು ಕಳುಹಿಸಿಬಿಟ್ಟಿತು. ನಾಚಿಕೆಯಿಂದ ಅವಳು ತಲೆ ಎತ್ತಲಿಲ್ಲ.

ಏರಿನ ಬುಡದಲ್ಲಿ ಮುದಿ ಕಾಡೆಮ್ಮೆ ಕರಿಯಜ್ಜಿ ಮೇಯುತ್ತಿದ್ದಳು. "ಓಡಲಾಗದಿದ್ದರೆ ನನ್ನ ಜೊತೆ ನಡಿ ಮಗಳೇ" ಎಂದಳು. ಸೋಮಿ ನಡೆದಳು. ಕಾಲು ಗಟ್ಟಿಯಾದ ಮೇಲೆ ಸಣ್ಣ ಕಾಲುವೆ ಹಾರಿದಳು. ಅಜ್ಜಿ ಮೊದಲು ಕಲಿಸಿದ್ದು ಹಾರಿದ ಮೇಲೆ ಸರಿಯಾಗಿ ಕಾಲೂರುವುದನ್ನು. ಆಮೇಲೆ ಏರು, ಆಮೇಲೆ ಓಟ. ದಣಿದ ದಿನ ನೆರಳಲ್ಲಿ ಮಲಗಿ ಮೆಲುಕು ಹಾಕಿದಳು.

ಅತ್ತ ಕಿರುಬ ವಿಶ್ರಾಂತಿಯೇ ಬೇಡವೆನ್ನುತ್ತಿತ್ತು, ಬೆಳ್ಳ ಬಿಸಿಲೇರಿದರೂ ಓಟ ನಿಲ್ಲಿಸುತ್ತಿರಲಿಲ್ಲ. ಅವನ ಪಕ್ಕೆಲುಬು ಎದ್ದು ಕಾಣುತ್ತಿತ್ತು, ಗೊರಸಿನ ಮೇಲೆ ಬಾವು ಬಂದಿತ್ತು.

"ಅಣ್ಣಾ, ಇವತ್ತೊಂದು ದಿನ ಬಿಡು" ಎಂದಳು ಸೋಮಿ.

"ನೋವಾದರೆ ಬಲ ಬರುತ್ತಿದೆ ಅಂತ ಅರ್ಥವಂತೆ. ಗುರುಗಳೇ ಹೇಳಿದ್ದಾರೆ. ಅಮ್ಮನ ಹಾಗೆ ಸಾಯುವುದು ನನಗೆ ಬೇಡ" ಎಂದು ಬೆಳ್ಳ ಕುಂಟುತ್ತಾ ಹೋದ.

ಆ ಸಂಜೆ ಅವನು ಬರಲಿಲ್ಲ. ಸೋಮಿ ಹುಡುಕಿಕೊಂಡು ಹೋದಳು. ಪೊದೆಯ ಹಿಂದೆ ಕಿರುಬ ಕೂತಿತ್ತು. ಅದರ ಬಾಯಿ ಕೆಂಪಾಗಿತ್ತು.

"ನಿನ್ನ ಅಣ್ಣ ತಾನಾಗಿಯೇ ಬಿದ್ದು ಸತ್ತ. ಅದಕ್ಕೆ ಮೊದಲು ನಾನು ಮುಟ್ಟಿರಲಿಲ್ಲ" ಎಂದಿತು.

ಸೋಮಿಗೆ ಅಳು ಬರಲಿಲ್ಲ. ಹಿಂಡಿನಲ್ಲಿ ಯಾರು ಯಾರು ಹೀಗೆಯೇ ಕಸರತ್ತಿಗೆ ಹೋಗಿ ಕಾಣೆಯಾಗಿದ್ದರು ಎಂಬುದು ಅವಳಿಗೆ ಒಬ್ಬೊಬ್ಬರಾಗಿ ನೆನಪಾಯಿತು. ಓಡಿಬಂದು ಎಲ್ಲರಿಗೂ ಹೇಳಿದಳು. ಮರುದಿನ ಕಿರುಬನ ಬಳಿ ಯಾರೂ ಹೋಗಲಿಲ್ಲ.

ಕೆಲವು ದಿನಗಳಾದ ಮೇಲೆ ಸೀಳುನಾಯಿಗಳು ನುಗ್ಗಿದವು. ಸೋಮಿ ಹಳ್ಳ ಹಾರಿದಳು, ಮುಳ್ಳಿನಲ್ಲಿ ನುಗ್ಗಿದಳು, ಅಮ್ಮ ಬಿದ್ದ ಜಾಗವನ್ನು ದಾಟಿದಳು. ಎದೆ ಉರಿಯುತ್ತಿದ್ದರೂ ಕಾಲು ಸೋಲಲಿಲ್ಲ. ಬಂಡೆಯ ನೆತ್ತಿಯಲ್ಲಿ ನಿಂತು ತಿರುಗಿ ನೋಡಿದಳು. ಕಿರುಬನ ಕಸರತ್ತಿನಿಂದ ಸೊರಗಿದ್ದ ಎಷ್ಟೋ ಜಿಂಕೆಗಳು ಮೇಲೆ ಬರಲೇ ಇಲ್ಲ.

ಕೆಳಗೆ ಕಿರುಬನೂ ಸೀಳುನಾಯಿಗಳಿಂದ ತಪ್ಪಿಸಿಕೊಳ್ಳಲು ಏರು ಹತ್ತುತ್ತಾ ಹೆಣಗುತ್ತಿತ್ತು. ಕೂತಲ್ಲೇ ತಿಂದು ಅದರ ಮೈ ಬೆಳೆದಿತ್ತು. ಪರರಿಗೆ ಹೇಳಿದ ಕಸರತ್ತನ್ನು ಅದು ಒಂದು ದಿನವೂ ಮಾಡಿರಲಿಲ್ಲ.

"ಸೋಮೀ, ಹತ್ತುವ ದಾರಿ ಯಾವ ಕಡೆ?" ಎಂದು ಕೂಗಿತು.

ಸೋಮಿ ಮುಖ ತಿರುಗಿಸಿದಳು. ಸೀಳುನಾಯಿಗಳು ಅದನ್ನು ಸುತ್ತುವರಿದವು.

ಕಿರುಬ ಸತ್ತರೂ ಸೋಮಿಗೆ ಸಮಾಧಾನವಾಗಲಿಲ್ಲ. ಮಳೆ ಬಂದು ಹುಲ್ಲು ಚಿಗುರಿದಾಗಲೂ ಅವಳು ಒಂಟಿಯಾಗಿಯೇ ಮೇಯುತ್ತಿದ್ದಳು. ಒಂದು ದಿನ ತಾಯಿಯಿಲ್ಲದ ಮರಿಗಳು ಬಂದು, "ಅಕ್ಕಾ, ನಮಗೂ ಏರು ಹತ್ತಿ ಓಡುವುದನ್ನು ಕಲಿಸು" ಎಂದವು.

ಸೋಮಿ ಮೇಯುವುದನ್ನು ಬಿಟ್ಟು ಏರಿನ ಕಡೆ ನೋಡಿದಳು. ಆಮೇಲೆ ಮರಿಗಳ ಕಡೆ ತಿರುಗಿ, "ಇವತ್ತು ನಡೆಯೋಣ, ಅಷ್ಟೇ" ಎಂದಳು.

ನೀತಿ: ಮೈಬಲ ಮೆಲ್ಲಗೆ ಬೆಳೆಯುತ್ತದೆ, ವಿಶ್ರಾಂತಿ ಬೇಡವೆಂದು ಅವಸರಪಡಿಸುವವನ ಲಾಭ ಯಾವುದು ಎಂದು ಮೊದಲು ಯೋಚಿಸಬೇಕು.